ವಿಲೆಟನ್ ಬೀದಿಯ ಹಗಲು ದೆವ್ವಗಳು

ಆಸ್ಟ್ರೇಲಿಯಕ್ಕೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ ಎಂದೇ ಹೇಳುತ್ತ ಬಂದಿದ್ದೇನೆ. ಈಗ ಬರೆಯಲು ಕೂತಾಗ ಅನುಮಾನ ಬರುತ್ತಿದೆ. ರಸ್ತೆ ಬದಿಯ ಹುಲ್ಲಿನಲ್ಲಿ ಕಂದು ಬಣ್ಣದ್ದೇನೋ ಕುಪ್ಪಳಿಸಿದ್ದು ಹೌದು. ಅದು ಕಾಂಗರೂವೋ, ಯಾರದೋ ನಾಯಿಯೋ, ಊರಿಗೆ ಮರಳಿದ ಮೇಲೆ ಕ್ಯಾಲೆಂಡರಿನಲ್ಲಿ ನೋಡಿದ ಚಿತ್ರವೋ, ಆಣೆ ಮಾಡಿ ಹೇಳಲಾರೆ. ನಾನು ಚರಿತ್ರೆ ಪಾಠ ಮಾಡುವವನು. ಒಬ್ಬನೇ ಸಾಕ್ಷಿ ಇರುವ ಘಟನೆಯನ್ನು ನಂಬಬೇಡಿ ಎಂದು ಮೈಸೂರಿನ ಹುಡುಗರಿಗೆ ವರ್ಷಾನುಗಟ್ಟಲೆ ಹೇಳಿಕೊಟ್ಟವನು. ಆದ್ದರಿಂದ ಕಾಂಗರೂ ವಿಷಯದಲ್ಲಿ ನನ್ನನ್ನು ನಂಬಬೇಡಿ. ದೆವ್ವಗಳ ವಿಷಯದಲ್ಲಿ ನಂಬಬಹುದು. ಅದಕ್ಕೆ ಇಡೀ ಬೀದಿಯೇ ಸಾಕ್ಷಿಯಿದೆ.

ಬ್ರಿಸ್ಬೇನ್

ಎಂಬತ್ತರ ದಶಕದ ನಡುಭಾಗ, ಅಕ್ಟೋಬರ್ ತಿಂಗಳು. ಅಡಿಲೇಡಿನಲ್ಲಿ ಒಂದು ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದಿದ್ದರು. ಅದಕ್ಕೆ ಮುಂಚೆ ಬ್ರಿಸ್ಬೇನಿನಲ್ಲಿ ಹಾಸ್ಟೆಲ್ ಗೆಳೆಯ ಇಕ್ಬಾಲನ ಮನೆ, ಆಮೇಲೆ ಪರ್ತ್‌ನಲ್ಲಿ ಅರಿವಳಿಕೆ ಡಾಕ್ಟರಾದ ಅಕ್ಕನ ಮನೆ ಎಂದು ಹೊರಟಿದ್ದೆ. ಇಕ್ಬಾಲ್ ಚಿತ್ರದುರ್ಗದವನು. ಮೈಸೂರಿನಲ್ಲಿ ಡಾಕ್ಟರಿ ಓದಿ, ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ಮೂಳೆ ಕೂಡಿಸುತ್ತಿದ್ದ. ಅವನ ಮನೆ ಮರದ ಕಂಬಗಳ ಮೇಲೆ ನಿಂತಿತ್ತು. ಕೆಳಗೆ ಕಾರು, ಮೇಲೆ ಸಂಸಾರ.

ನನಗೆ ಕೂತಲ್ಲಿ ಕೂರಲಾಗದ ರೋಗ. ಮೊದಲ ಬೆಳಿಗ್ಗೆಯೇ ಕಾಫಿ ಕುಡಿದು ಬೀದಿಗೆ ಇಳಿದೆ. ಮರಗಳ ತುಂಬ ನೇರಳೆ ಹೂವು, ನೆಲದ ತುಂಬ ನೇರಳೆ ಹೂವು. ನಾಲ್ಕು ಮನೆ ದಾಟುವುದರೊಳಗೆ ಹಿಂದಿನಿಂದ ಯಾರೋ ತಲೆಗೆ ಫಟ್ಟೆಂದು ಬಾರಿಸಿದರು. ತಿರುಗಿದರೆ ಯಾರೂ ಇಲ್ಲ. ಎರಡು ಹೆಜ್ಜೆ ಇಟ್ಟೆ, ಮತ್ತೆ ಫಟ್! ನಾನು ದೆವ್ವ ನಂಬುವವನಲ್ಲ, ಆದರೆ ಓಡಿ ಬಂದೆ.

"ಮ್ಯಾಗ್‌ಪೈ ಕಣೋ!" ಇಕ್ಬಾಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಈ ಸೀಸನ್ನಲ್ಲಿ ಮರಿ ಮಾಡಿರುತ್ತೆ. ಕಪ್ಪು ಬಿಳುಪು ಹಕ್ಕಿ. ಹಿಂದಿನಿಂದಾನೇ ಬರುತ್ತೆ."

ಒಳಗೆ ಹೋಗಿ ಖಾಲಿ ಐಸ್‌ಕ್ರೀಮ್ ಡಬ್ಬವೊಂದನ್ನು ತಂದ. ಅದರ ಮೇಲೆ ಕಪ್ಪು ಬಣ್ಣದಲ್ಲಿ ಎರಡು ದೊಡ್ಡ ಕಣ್ಣು ಬರೆದಿತ್ತು.

"ಇದನ್ನ ತಲೆಗೆ ಬೋರಲು ಹಾಕ್ಕೋ. ಕಣ್ಣು ಹಿಂದಕ್ಕಿರ್ಲಿ. ನಮ್ಮ ಪೋಸ್ಟ್‌ಮನ್ನೂ ಹಾಕ್ಕೋತಾನೆ."

"ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ ಏನು?"

"ಹಾಕ್ಕೊಳ್ದೆ ಹೋಗು. ಪುರಾವೆ ತಾನೇ ಹುಡುಕ್ಕೊಂಡು ಬರುತ್ತೆ."

ನಮ್ಮಲ್ಲಿ ಕಟ್ಟುತ್ತಿರುವ ಮನೆಗೆ ಕೋರೆಹಲ್ಲಿನ ರಾಕ್ಷಸನ ಮುಖ ತೂಗುಹಾಕುವುದನ್ನು ಲೇಖನ ಬರೆದು ಹಾಸ್ಯ ಮಾಡಿದ್ದವನು ನಾನು. ಐಸ್‌ಕ್ರೀಮ್ ಡಬ್ಬ ಹಾಕಿಕೊಂಡು, ಬೆನ್ನ ಹಿಂದೆ ಎರಡು ಕಣ್ಣು ಬಿಟ್ಟುಕೊಂಡು, ಬ್ರಿಸ್ಬೇನ್ ಸುತ್ತಿದೆ. ಹಕ್ಕಿ ಹತ್ತಿರ ಬರಲಿಲ್ಲ. ಕಾಕತಾಳೀಯವೂ ಇರಬಹುದು.

ಅಂದು ಸಂಜೆ ಪರ್ತ್‌ನಿಂದ ಅಕ್ಕನ ಮಗಳು ರಶ್ಮಿಯ ಫೋನು ಬಂತು. ಒಂಬತ್ತು ವರ್ಷದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅದನ್ನು ನಾನೇ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

"ಮಾಮ, ನೀನು ಥರ್ಟಿ-ಫಸ್ಟ್‌ಗೆ ಮುಂಚೆ ಬರ್ಲೇಬೇಕು. ಹ್ಯಾಲೋವೀನ್ ಇದೆ."

ಹ್ಯಾಲೋವೀನ್ ಎಂದರೆ ಸತ್ತವರು ಭೂಮಿಗೆ ಮರಳುವ ಸಂಜೆ, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿತಿಂಡಿ ಕೇಳುತ್ತಾರೆ ಎಂಬಷ್ಟು ನನಗೆ ಗೊತ್ತಿತ್ತು. ಅದು ಅಮೆರಿಕದ ಸಂಭ್ರಮ. ಆಗಿನ ಆಸ್ಟ್ರೇಲಿಯದಲ್ಲಿ ಹೆಚ್ಚಿನವರು ಅದನ್ನು ಟೀವಿಯಲ್ಲಿ ನೋಡಿದ್ದಷ್ಟೇ. ರಶ್ಮಿಯೂ ಟೀವಿಯಲ್ಲೇ ನೋಡಿದ್ದಳು. ನೋಡಿದವಳು ಸುಮ್ಮನಿರದೆ ನಾವೂ ಮಾಡೋಣ ಎಂದು ತರಗತಿಯಲ್ಲಿ ಎದ್ದು ನಿಂತು ಹೇಳಿಬಿಟ್ಟಿದ್ದಳು. ಆ ಶಾಲೆಗೆ ಅವಳು ಸೇರಿ ಆರು ತಿಂಗಳೂ ಆಗಿರಲಿಲ್ಲ. ಟೀಚರ್ ಮಿಸ್ ಹಾರ್ಪರ್ ಒಪ್ಪಿದ್ದರು, ಒಂದು ಷರತ್ತಿನ ಮೇಲೆ: ಒಂದು ಮಧ್ಯಾಹ್ನ, ಒಂದು ಬೀದಿ. ಬಾಗಿಲು ತೆರೆದರೆ ಸರಿ. ತೆರೆಯದಿದ್ದರೆ ಸುಮ್ಮನೆ ವಾಪಸ್ಸು, ಮತ್ತೆ ಆ ಮಾತೆತ್ತುವ ಹಾಗಿಲ್ಲ.

"ಯಾರೂ ತೆಗೀದೆ ಹೋದ್ರೆ ಇಡೀ ಕ್ಲಾಸ್ ನಗುತ್ತೆ ಮಾಮ. ಡ್ಯಾರೆನ್ ಆಗ್ಲೇ ಬೆಟ್ ಕಟ್ಟಿದಾನೆ. ಆಮೇಲೆ ನಾನು ಆ ಸ್ಕೂಲಿಗೆ ಹೋಗಲ್ಲ."

"ನಾನು ಬಂದು ಏನು ಮಾಡ್ಲಮ್ಮ?"

"ಹಬ್ಬ ಎಲ್ಲಿಂದ ಬಂತು ಅಂತ ಹೇಳ್ಬೇಕು. ಮಾಮಂಗೆ ಎಲ್ಲಾ ಗೊತ್ತು ಅಂತ ಅಮ್ಮ ಹೇಳಿದಾಳೆ. ಮತ್ತೆ ಲ್ಯಾಂಟರ್ನ್ ಮಾಡೋಕೆ ಕುಂಬಳಕಾಯಿ ತಗೊಂಡ್ಬಾ. ಇಲ್ಲಿ ಅಂಗಡೀಲಿ ಬರೀ ಹೋಳು ಸಿಗುತ್ತೆ."

ನನಗೆ ಗೊತ್ತಿದ್ದದ್ದು ಹಳೆಯ ದಾನಶಾಸನಗಳು. ದೆವ್ವಗಳಿಗೆ ಯಾರೂ ದತ್ತಿ ಬಿಟ್ಟ ಹಾಗಿರಲಿಲ್ಲ. ಆದರೂ ಬರುತ್ತೇನೆ ಎಂದೆ.

ಇಕ್ಬಾಲ್ ಹಿತ್ತಲಿನ ತಗಡಿನ ಚಾವಣಿ ಹತ್ತಿ, ಬಳ್ಳಿಯಲ್ಲಿ ಉಳಿದಿದ್ದ ಒಂದು ಕಾಯಿ ಕಿತ್ತು ಕೊಟ್ಟ. ಬೂದಿ ಬಣ್ಣ, ಕಲ್ಲಿನ ಹಾಗೆ ಗಟ್ಟಿ.

"ಕಿತ್ತಳೆ ಬಣ್ಣದ್ದು ಅಮೆರಿಕದ್ದು ಕಣೋ. ಕ್ವೀನ್ಸ್‌ಲ್ಯಾಂಡಲ್ಲಿ ಇದೇ. ಇದನ್ನ ಕುಯ್ಯಲ್ಲ, ಕೊಡಲೀಲಿ ಹೊಡೀತಾರೆ."

"ಇದರಲ್ಲಿ ಕಣ್ಣು ಬಾಯಿ ಕೊರೀಬೇಕಂತೆ."

"ನಿಮ್ಮಕ್ಕ ಆಪರೇಷನ್ ಥಿಯೇಟರಲ್ಲಿ ತಾನೇ ಇರೋದು? ಮತ್ತು ಬರೋ ಔಷಧಿ ಕೊಟ್ಟು ಮಲಗಿಸಿ ಕೊರೀಲಿ."

ಅಡಿಲೇಡ್

ಅಡಿಲೇಡಿನ ರಸ್ತೆಗಳು ಅಳತೆಪಟ್ಟಿ ಇಟ್ಟು ಎಳೆದ ಹಾಗಿವೆ. ಎಷ್ಟು ನಡೆದರೂ ದಾರಿ ತಪ್ಪುವ ಸುಖವಿಲ್ಲ. ಸಂಕಿರಣದಲ್ಲಿ ನಾನು ಓದಿದ್ದನ್ನು ಯಾರು ಕೇಳಿಸಿಕೊಂಡರೋ ತಿಳಿಯದು. ನೆನಪಿರುವುದು ಇಳಿದುಕೊಂಡಿದ್ದ ಮನೆಯ ಯಜಮಾನಿ ಮಿಸೆಸ್ ಡಂಕನ್. ಮದುವೆಯಾದ ಹೊಸದರಲ್ಲಿ ಸ್ಕಾಟ್ಲೆಂಡಿನಿಂದ ಬಂದವರು, ಈಗ ಎಪ್ಪತ್ತು ದಾಟಿದವರು. ಬೆಳಿಗ್ಗೆ ಟೋಸ್ಟ್ ತಂದಿಟ್ಟವರು ನನ್ನ ಚೀಲದಲ್ಲಿದ್ದ ಕುಂಬಳಕಾಯಿ ನೋಡಿ ನಿಂತರು. ಕಥೆ ಹೇಳಿದೆ.

"ಕುಂಬಳಕಾಯಿಯಂತೆ!" ಎಂದು ಮೂಗು ಮುರಿದರು. "ನಾವು ಟರ್ನಿಪ್ ಕೊರೀತಿದ್ವಿ. ಚಮಚ ಬಾಗಿಹೋಗೋ ತನಕ ಕೊರೀತಿದ್ವಿ."

ಟೋಸ್ಟ್ ಆರಿತು. ಅವರು ಎದುರಿಗೆ ಕೂತು ಹೇಳತೊಡಗಿದರು. ಅವರ ಕಡೆ ಅಕ್ಟೋಬರ್ ಕೊನೆ ಎಂದರೆ ಸುಗ್ಗಿ ಮುಗಿದು ಚಳಿ ಕಾಲಿಡುವ ಹೊತ್ತು. ಹಳೆಯ ವರ್ಷ ಸತ್ತು ಹೊಸದು ಹುಟ್ಟುವ ಸಂದಿನಲ್ಲಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ಅರೆತೆರೆದಿರುತ್ತದೆ ಎಂದು ನಂಬಿದ್ದರಂತೆ. ಗುಡ್ಡದ ಮೇಲೆ ಬೆಂಕಿ ಹಾಕುತ್ತಿದ್ದರು. ಮುಖಕ್ಕೆ ಮಸಿ ಬಳಿದುಕೊಂಡರೆ ಅಲೆಯುವ ಆತ್ಮಗಳು ಇವನೂ ನಮ್ಮವನೇ ಎಂದುಕೊಂಡು ಬಿಟ್ಟುಬಿಡುತ್ತವೆ. ಟರ್ನಿಪ್ ಗೆಡ್ಡೆಯ ದೀಪದ ಮುಖ ನೋಡಿದರೆ ಕೆಟ್ಟದ್ದು ಹೊಸಿಲು ದಾಟುವುದಿಲ್ಲ. ಆ ಪದ್ಧತಿ ಕಡಲು ದಾಟಿ ಅಮೆರಿಕಕ್ಕೆ ಹೋದಾಗ ಅಲ್ಲಿ ಸುಲಭಕ್ಕೆ ಸಿಕ್ಕಿದ್ದು ದೊಡ್ಡ ಕುಂಬಳಕಾಯಿ.

"ಇದಕ್ಕೆಲ್ಲ ಆಧಾರ?" ಎಂದೆ, ಅಭ್ಯಾಸಬಲದಿಂದ.

"ನಮ್ಮಜ್ಜಿ."

"ಬರೆದದ್ದು ಏನಾದರೂ?"

"ಅಜ್ಜಿಗೆ ಬರೆಯೋಕೆ ಬರ್ತಿರ್ಲಿಲ್ಲ. ಸುಳ್ಳು ಹೇಳೋಕೂ ಬರ್ತಿರ್ಲಿಲ್ಲ."

ನಮ್ಮ ಮಹಾಲಯ ಅಮಾವಾಸ್ಯೆಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೇ ಅಲ್ಲವೇ ಎನಿಸಿತು. ಸತ್ತವರನ್ನು ನೆನೆಯುವುದು, ಎಡೆ ಇಡುವುದು, ಅದಾದ ಮೇಲೆ ದೀಪಗಳ ಹಬ್ಬ. ಸಂಬಂಧ ಹಚ್ಚುವ ಆಸೆಯನ್ನು ಅಲ್ಲಿಗೇ ಅದುಮಿದೆ. ಎರಡು ಊರಿನಲ್ಲಿ ಮಳೆ ಬಂದರೆ ಒಂದೇ ಮೋಡ ಎನ್ನಲಾಗದು.

ಆಟಗಳನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ ಎಂದು ಅವರೇ ಮಾಡಿ ತೋರಿಸಿದರು. ಬೋಗುಣಿಗೆ ನೀರು ತುಂಬಿ ಸೇಬು ತೇಲಿಬಿಟ್ಟರು. ಕುರ್ಚಿಯ ಮೇಲೆ ಮಂಡಿಯೂರಿ, ಅದರ ಒರಗುಹಲಗೆಯ ಮೇಲಿನಿಂದ ಬಾಗಿ, ಹಲ್ಲಿನಲ್ಲಿ ಕಚ್ಚಿದ್ದ ಫೋರ್ಕನ್ನು ಬಿಟ್ಟರು. ಸೇಬಿಗೆ ಸರಿಯಾಗಿ ನಾಟಿತು! ಎಪ್ಪತ್ತರ ಹೆಂಗಸು ಚಪ್ಪಾಳೆ ತಟ್ಟಿಕೊಂಡರು. ನಾನು ಹತ್ತು ಸಲ ಬಿಟ್ಟೆ, ನೆಲವೆಲ್ಲ ನೀರಾಯಿತು. ಇನ್ನೊಂದು ಆಟದಲ್ಲಿ ಬೆಲ್ಲದ ಪಾಕ ಸವರಿದ ಮೆತ್ತನೆಯ ರೊಟ್ಟಿಯನ್ನು ದಾರಕ್ಕೆ ಕಟ್ಟಿ ತೂಗುಹಾಕುತ್ತಾರೆ, ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ತಿನ್ನಬೇಕು.

"ಇನ್ನೊಂದು ನೆನಪಿಟ್ಕೊಳ್ಳಿ," ಎಂದರು. "ನಮ್ಮ ಕಡೆ ಸುಮ್ಮನೆ ಯಾರೂ ಏನೂ ಕೊಡ್ತಿರ್ಲಿಲ್ಲ. ಮಕ್ಕಳು ಒಂದು ಹಾಡೋ, ಜೋಕೋ ಹೇಳ್ಬೇಕು. ಆಮೇಲೆ ಕಡಲೆಕಾಯಿ. ಇಲ್ಲಿಗೆ ಬಂದ ಮೇಲೂ ನಾನು ಪ್ರತಿ ವರ್ಷ ಬಟ್ಟಲಲ್ಲಿ ಕಡಲೆಕಾಯಿ ಇಟ್ಕೊಂಡು ಕಾಯ್ತಿದ್ದೆ. ಒಂದು ಮಗುವೂ ಬರ್ಲಿಲ್ಲ."

ಮೈಸೂರಿನಲ್ಲಿ ನವರಾತ್ರಿಗೆ ಮನೆಮನೆಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಜೋಡಿಸುತ್ತಾರೆ, ಸಂಜೆಯಾದರೆ ಮಕ್ಕಳು ಗುಂಪು ಕಟ್ಟಿಕೊಂಡು ಗೊಂಬೆ ಕೂರಿಸಿದ್ದೀರಾ ಎಂದು ಬಾಗಿಲು ತಟ್ಟುತ್ತಾರೆ, ಹಾಡು ಹೇಳಿಸಿ ಚರುಪು ಎಂದು ತಿಂಡಿ ಕೊಟ್ಟು ಕಳಿಸುತ್ತಾರೆ ಎಂದೆ.

"ನೀವೂ ಹೋಗ್ತಿದ್ರಾ?"

"ಹೋಗ್ತಿದ್ದೆ," ಎಂದೆ. ಎಂದ ತಕ್ಷಣ ಸಂಶಯ ಬಂತು. ಅಕ್ಕನ ಬೆರಳು ಹಿಡಿದು ನಿಂತ ಹಾಗೆ, ಯಾರದೋ ಮನೆಯ ಮುದುಕರೊಬ್ಬರು ಗೊಂಬೆಗಳನ್ನು ಬಿಟ್ಟು ತಮ್ಮ ಗೋಡೆ ಗಡಿಯಾರವನ್ನೇ ಬಿಚ್ಚಿ ತೋರಿಸಿದ ಹಾಗೆ ಕಣ್ಣಿಗೆ ಕಟ್ಟಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ಕಂಡದ್ದೇ ಆಗಬೇಕಿಲ್ಲ.

ಪರ್ತ್ ವಿಮಾನ ನಿಲ್ದಾಣ

ಕುಂಬಳಕಾಯಿಯನ್ನು ಬ್ರಿಸ್ಬೇನಿನಿಂದ ಅಡಿಲೇಡಿಗೆ, ಅಡಿಲೇಡಿನಿಂದ ಪರ್ತಿಗೆ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಪರ್ತ್‌ನಲ್ಲಿ ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದ. ಪಶ್ಚಿಮ ಆಸ್ಟ್ರೇಲಿಯಕ್ಕೆ ಬೇರೆ ರಾಜ್ಯದ ಹಣ್ಣು ತರಕಾರಿ ತರುವ ಹಾಗಿಲ್ಲ, ಹುಳು ಬರುತ್ತದೆ. ಒಂದೇ ದೇಶದೊಳಗೆ ತರಕಾರಿಗೂ ಗಡಿ ಉಂಟೆಂದು ನನಗೇನು ಗೊತ್ತು?

"ಊಟಕ್ಕಾ?"

"ದೆವ್ವಕ್ಕೆ," ಎಂದೆ.

ಅವನು ನನ್ನನ್ನೂ ಕಾಯಿಯನ್ನೂ ಒಂದೇ ಸಹಾನುಭೂತಿಯಿಂದ ನೋಡಿ, "ಸಾರಿ, ಮೇಟ್," ಎಂದು ಅದನ್ನು ಪೀಪಾಯಿಗೆ ಹಾಕಿದ. ಢಣ್ ಎಂದಿತು. ಒಡೆಯಲಿಲ್ಲ.

ಹೊರಗೆ ಅಕ್ಕ, ರಶ್ಮಿ ಕಾಯುತ್ತಿದ್ದರು. ರಶ್ಮಿ ಮೊದಲು ನೋಡಿದ್ದು ನನ್ನ ಕೈ.

"ಕುಂಬಳಕಾಯಿ?"

ಹೇಳಿದೆ. ಅವಳ ಮುಖ ಸಣ್ಣದಾಯಿತು. ಅಕ್ಕ ಮಾತ್ರ, "ಒಳ್ಳೇದೇ ಆಯ್ತು ಬಿಡು. ನಾನಂತೂ ಅದನ್ನ ಕುಯ್ತಿರ್ಲಿಲ್ಲ," ಎಂದಳು.

"ಯಾಕೆ?"

"ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕ್ಬಾರ್ದು. ಗಂಡಸರು ಒಡೆದು ಕೊಡ್ಬೇಕು. ಅದಕ್ಕೇ ನಾನು ಯಾವಾಗ್ಲೂ ಹೋಳು ತರೋದು."

"ಅಕ್ಕ, ನೀನು ದಿನಾ ಬೆಳಗಾದ್ರೆ ಜನರಿಗೆ ಮತ್ತು ಬರಿಸಿ ಹೊಟ್ಟೆ ಕುಯ್ಯೋರ ಪಕ್ಕ ನಿಂತಿರ್ತೀಯ."

"ಅದು ಬೇರೆ," ಎಂದು ಕಾರು ಹತ್ತಿದಳು.

ವಿಲೆಟನ್: ಅಡಿಗೆಮನೆ

ಅಕ್ಕನ ಮನೆಯಿದ್ದ ವಿಲೆಟನ್ ಆಗ ಇನ್ನೂ ಪರ್ತಿನ ಹೊಸ ಬಡಾವಣೆ. ಒಂದೇ ಅಂತಸ್ತಿನ ಇಟ್ಟಿಗೆ ಮನೆಗಳು, ಎದುರಿಗೆ ಹುಲ್ಲು, ಹುಲ್ಲಿಗೆ ತಿರುಗುವ ನೀರಿನ ಕೊಳವೆ. ಬೀದಿಯಲ್ಲಿ ನಡೆಯುವವನು ನಾನೊಬ್ಬನೇ. ಭಾವ ಆ ವಾರವೆಲ್ಲ ಆಸ್ಪತ್ರೆಯ ಡ್ಯೂಟಿಯಲ್ಲೇ ಇದ್ದರು. ದೀಪಕ್ಕೆ ಏನು ಮಾಡುವುದು ಎಂದು ನಾವು ಮೂವರು ಅಡಿಗೆಮನೆಯಲ್ಲಿ ಕೂತು ಯೋಚಿಸುತ್ತಿದ್ದೆವು. ಟರ್ನಿಪ್ ಕೊರೆಯಲು ಹೋಗಿ ನಾನು ಹೆಬ್ಬೆರಳಿಗೆ ಬ್ಯಾಂಡೇಜು ಕಟ್ಟಿಸಿಕೊಂಡಾಗಿತ್ತು.

ಅಕ್ಕ ಹಿತ್ತಲ ಕಡೆ ನೋಡಿದಳು. ಅಲ್ಲಿ ನಿಂಬೆಗಿಡ ಹಣ್ಣಿನ ಭಾರಕ್ಕೆ ಬಾಗಿತ್ತು. ಆ ಊರಿನಲ್ಲಿ ಪ್ರತಿ ಹಿತ್ತಲಲ್ಲೂ ಒಂದು ನಿಂಬೆಗಿಡ. ಯಾರಿಗೂ ಅಷ್ಟು ಹಣ್ಣು ಬೇಡ. ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಗುಟ್ಟಾಗಿ ಚೀಲ ಇಟ್ಟು ಓಡುತ್ತಾರೆ.

"ನಿಂಬೆಹಣ್ಣಿನ ದೀಪ ಮಾಡೋಣ," ಎಂದಳು. "ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆ ಒಳಹೊರಗೆ ತಿರುಗಿಸಿದ್ರೆ ಬಟ್ಟಲಾಗುತ್ತೆ. ತುಪ್ಪ, ಬತ್ತಿ. ದುರ್ಗೆ ಗುಡೀಲಿ ಹಚ್ತೀವಲ್ಲ."

"ಮನೇಲಿ ಹಚ್ಚಬಾರ್ದು ಅಂತ ನೀನೇ ಹೇಳ್ತಿದ್ದೆ."

"ಸ್ಕೂಲಲ್ಲಿ ಹಚ್ಚಬಾರ್ದು ಅಂತ ಯಾರೂ ಹೇಳಿಲ್ಲ."

ಗಾಳಿಗೆ ಆರದಿರಲೆಂದು ಜಾಮ್ ಬಾಟಲಿಯೊಳಗೆ ಇಡುವುದು, ಬಾಟಲಿಗೆ ಕಪ್ಪು ಕಾಗದದಲ್ಲಿ ಕಣ್ಣು ಬಾಯಿ ಕತ್ತರಿಸಿ ಅಂಟಿಸುವುದು ರಶ್ಮಿಯ ಯೋಚನೆ. ಹಿಂಡಿದ ರಸಕ್ಕೆ ಸಕ್ಕರೆ ಹಾಕಿದರೆ ಪಾನಕ. ದಾರಕ್ಕೆ ಕಟ್ಟುವ ತಿಂಡಿಗೆ ಅಕ್ಕನೇ ಉದ್ದಿನ ವಡೆ ಎಂದಳು. ತೂತು ಹೇಗೂ ಇರುತ್ತದೆ. ಆಂಜನೇಯನ ಕೊರಳಿನ ವಡೆಮಾಲೆ ಸ್ಕಾಟ್ಲೆಂಡಿನ ಆಟಕ್ಕೆ ಇಷ್ಟು ಸರಿಹೊಂದುತ್ತದೆಂದು ಯಾರು ತಿಳಿದಿದ್ದರು!

ವಡೆ ಕರಿಯುತ್ತಿರುವಾಗ ಮೈಸೂರಿನ ಗೊಂಬೆ ನೋಡುವ ಮಾತು ತೆಗೆದೆ, ಗಡಿಯಾರದ ಮುದುಕರನ್ನೂ ಹೇಳಿದೆ.

"ನೀನೆಲ್ಲಿ ಬಂದಿದ್ದೆ?" ಅಕ್ಕ ಜಾಲರಿ ಎತ್ತಿ ನಿಂತಳು. "ನಾವು ಹುಡುಗೀರಷ್ಟೇ ಹೋಗ್ತಿದ್ದದ್ದು. ಗಡಿಯಾರದ ಕಥೆ ನಾನು ಬಂದು ಹೇಳಿದ್ದು."

"ನನಗೆ ಅವರ ಕೈಯಲ್ಲಿನ ಸ್ಕ್ರೂಡ್ರೈವರ್ ಕೂಡ ನೆನಪಿದೆ!"

"ಅದನ್ನೂ ನಾನೇ ಹೇಳಿರ್ತೀನಿ."

ಇಬ್ಬರು ಸಾಕ್ಷಿಗಳು, ಎರಡು ಹೇಳಿಕೆ. ತೀರ್ಪು ಇಂದಿಗೂ ಬಾಕಿ ಇದೆ.

ವಿಲೆಟನ್: ತರಗತಿ

ಮೂವತ್ತೊಂದರಂದು ತರಗತಿಯಲ್ಲಿ ನಿಂಬೆಹಣ್ಣಿನ ಘಮ ತುಂಬಿತ್ತು. ಮಿಸ್ ಹಾರ್ಪರ್ ಎತ್ತರದ, ಕಡಿಮೆ ಮಾತಿನ ಹೆಂಗಸು. ಬೆಂಕಿಯ ಭಯಕ್ಕೆ ಒಂದು ಬಕೆಟ್ ನೀರನ್ನು ಕಾಲ ಹತ್ತಿರವೇ ಇಟ್ಟುಕೊಂಡಿದ್ದರು. ಮಕ್ಕಳು ಸಿಪ್ಪೆ ತಿರುಗಿಸಲು ಹೋಗಿ ಹರಿದರು, ರಸವನ್ನು ಒಬ್ಬರ ಕಣ್ಣಿಗೆ ಒಬ್ಬರು ಚಿಮ್ಮಿಸಿದರು, ಕೊನೆಗೆ ಕಲಿತರು. ವಡೆಗಳು ದಾರದಲ್ಲಿ ತೂಗಾಡಿದವು. ಕೈ ಹಿಂದೆ ಕಟ್ಟಿಕೊಂಡ ಮಕ್ಕಳು ಅವುಗಳ ಹಿಂದೆ ಬಾಯಿ ಬಿಟ್ಟುಕೊಂಡು ಅಲೆದರು. ಡ್ಯಾರೆನ್ ಮೂರು ತಿಂದು, "ಈ ಖಾರದ ಡೋನಟ್ ಇನ್ನೂ ಇದ್ಯಾ?" ಎಂದ.

ನಾನು ಮಿಸೆಸ್ ಡಂಕನ್ ಅವರ ಅಜ್ಜಿ ಹೇಳಿದ್ದನ್ನು ಹೇಳಿದೆ, ಅಜ್ಜಿ ಹೇಳಿದ್ದು ಎಂದು ಹೇಳಿಯೇ ಹೇಳಿದೆ. ಇಲ್ಲಿ ಋತುಗಳು ತಲೆಕೆಳಗಾದ್ದರಿಂದ ದೆವ್ವಗಳು ಚಳಿಗಾಲದ ಬದಲು ವಸಂತಕ್ಕೆ ಬಂದು ಬೆವರಬೇಕಾಗುತ್ತದೆ ಎಂದದ್ದಕ್ಕೆ ಮಕ್ಕಳು ನಕ್ಕರು.

"ದೆವ್ವ ನಿಜವಾಗ್ಲೂ ಇದ್ಯಾ?" ಡ್ಯಾರೆನ್ ಕೇಳಿದ.

"ನನಗೆ ಇದುವರೆಗೆ ಪುರಾವೆ ಸಿಕ್ಕಿಲ್ಲ."

"ಮತ್ತೆ ವೇಷ ಯಾಕೆ?"

ನನಗಿಂತ ಮೊದಲು ರಶ್ಮಿ ಹೇಳಿದಳು: "ಇದ್ರೆ ಅಂತ."

ಅವಳ ಮಾತಿಗೆ ತರಗತಿ ನಕ್ಕಿತು. ಅವಳನ್ನು ನೋಡಿ ನಗುವುದು ಇನ್ನೂ ಶುರುವಾಗಿರಲಿಲ್ಲ. ಅದು ಬೀದಿಯ ಕೈಯಲ್ಲಿತ್ತು.

ವಿಲೆಟನ್: ಬೀದಿ

ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಿಳಿ ಹೊದಿಕೆ ಹೊದ್ದ ದೆವ್ವಗಳು ಸಾಲಾಗಿ ಹೊರಟವು. ಮುಂದೆ ರಶ್ಮಿ, ಹಿಂದೆ ಬಕೆಟ್ ಹಿಡಿದ ಮಿಸ್ ಹಾರ್ಪರ್. ನಾನು ಬ್ರಿಸ್ಬೇನಿನ ಡಬ್ಬ ಹಾಕಿಕೊಂಡಿದ್ದೆ. ಎಲ್ಲರಿಗಿಂತ ನನ್ನ ವೇಷವೇ ಚೆನ್ನಾಗಿದೆ ಎಂದರು. ಅದು ವೇಷವಲ್ಲವೆಂದು ನಾನು ಹೇಳಲಿಲ್ಲ.

ಮೊದಲ ಮನೆಯ ಮಿಸ್ಟರ್ ಬ್ರೂಕ್ಸ್ ಹುಲ್ಲಿಗೆ ನೀರು ಬಿಡುತ್ತಿದ್ದರು. ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು ಎಂದು ಅಕ್ಕ ಹೇಳಿದ್ದಳು. ಟೀವಿಯಲ್ಲಿ ನೋಡಿದಂತೆಯೇ ಮಕ್ಕಳು ಒಕ್ಕೊರಲಿನಿಂದ ಕೂಗಿದರು: ತಿಂಡಿ ಕೊಡ್ತೀರೋ, ಕಾಟ ಕೊಡೋಣ್ವೋ?

"ಇದು ಅಮೆರಿಕಾ ಅಲ್ಲ," ಎಂದರು ಅವರು, ನೀರಿನ ಕೊಳವೆ ತಗ್ಗಿಸದೆ. "ನನ್ನ ಬಾಗಿಲಿಗೆ ಬೇಡೋಕೆ ಬರ್ಬೇಡಿ. ಇವತ್ತೂ ಬೇಡ, ಯಾವತ್ತೂ ಬೇಡ. ಹೋಗಿ."

ಎರಡನೆಯ ಮನೆಯಲ್ಲಿ ಪರದೆ ಅಲುಗಾಡಿತು, ಬಾಗಿಲು ಅಲುಗಾಡಲಿಲ್ಲ. ಮೂರನೆಯ ಮನೆಯಾಕೆ ಪಾಪ, ಮಕ್ಕಳಿಗೆ ಕೊಡಲು ಏನೂ ಇಲ್ಲವಲ್ಲ ಎಂದು ಕೈ ಚೆಲ್ಲಿದಳು. ನಾಲ್ಕನೆಯದರಲ್ಲಿ ನಾಯಿ ಮಾತ್ರ ಮಾತಾಡಿತು.

"ಫೋರ್ ನಿಲ್!" ಡ್ಯಾರೆನ್ ಹೊದಿಕೆಯೊಳಗಿಂದ ಸ್ಕೋರು ಹೇಳಿದ. ಹಿಂದಿನ ದೆವ್ವಗಳು ಕಿಸಕ್ಕೆಂದವು. ಇಬ್ಬರು ಆಗಲೇ ಹೊದಿಕೆ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮಿಸ್ ಹಾರ್ಪರ್ ಗಡಿಯಾರ ನೋಡಿ, "ಇನ್ನೊಂದು ಮನೆ, ರಶ್ಮಿ. ಆಮೇಲೆ ಹೋಗೋಣ," ಎಂದರು, ಮೆತ್ತಗೆ.

ರಶ್ಮಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಪಕ್ಕದಲ್ಲಿ ಕೂತೆ.

"ನಾವು ಮೈಸೂರಲ್ಲಿ ಹೀಗೆ ಕೇಳ್ತಿರ್ಲಿಲ್ಲ, ಪುಟ್ಟಿ."

"ಮತ್ತೆ ಹೇಗೆ?"

"ಗೊಂಬೆ ಕೂರ್ಸಿದೀರಾ ಅಂತ. ಕೊಡಿ ಅಂತ ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಅವರು ಇಟ್ಟಿದ್ದನ್ನ ನೋಡ್ತಿದ್ವಿ, ಚೆನ್ನಾಗಿದೆ ಅಂತಿದ್ವಿ, ಒಂದು ಹಾಡು ಹೇಳ್ತಿದ್ವಿ. ಕೊಡೋದು ಅವರಿಗೆ ಬಿಟ್ಟಿದ್ದು."

"ಆರ್ ಯು ಶ್ಯೂರ್? ನೀನು ಹೋಗೇ ಇರ್ಲಿಲ್ಲ ಅಂತ ಅಮ್ಮ ಹೇಳಿದ್ಳು."

"ನಾನು ಹೋಗಿದ್ನೋ ಇಲ್ವೋ ಶ್ಯೂರ್ ಇಲ್ಲ. ಹಾಗೆ ಕೇಳ್ತಿದ್ದದ್ದು ಮಾತ್ರ ಶ್ಯೂರ್. ಅದನ್ನ ನಿಮ್ಮಮ್ಮನೂ ಒಪ್ತಾಳೆ."

"ಇಲ್ಲಿ ಯಾರ ಮನೇಲೂ ಗೊಂಬೆ ಇಲ್ವಲ್ಲ, ಮಾಮ."

"ಗೊಂಬೆ ಇಲ್ದಿದ್ರೆ ಇನ್ನೇನೋ ಇರುತ್ತೆ."

ಅವಳು ಸ್ವಲ್ಪ ಹೊತ್ತು ನಿಂಬೆ ದೀಪದ ಬಾಟಲಿ ತಿರುಗಿಸುತ್ತಿದ್ದಳು. ಆಮೇಲೆ ಎದ್ದು ಹೊದಿಕೆ ಸರಿಮಾಡಿಕೊಂಡು, "ಯಾರೂ ಕೂಗ್ಬೇಡಿ, ನಾನೇ ಮಾತಾಡ್ತೀನಿ," ಎಂದು ಗುಂಪಿಗೆ ಹೇಳಿ, ಐದನೆಯ ಮನೆಯ ಗಂಟೆ ಒತ್ತಿದಳು.

ಚಪ್ಪಲಿ ಹಾಕಿಕೊಂಡು ಒಬ್ಬ ಮುದುಕಿ ಬಂದರು.

"ಎಕ್ಸ್‌ಕ್ಯೂಸ್ ಮಿ. ನಿಮ್ಮ ಮನೇಲಿ ನಮಗೆ ತೋರಿಸ್ಬೇಕು ಅನ್ಸೋ ಅಂಥದ್ದು ಏನಾದ್ರೂ ಇದ್ಯಾ? ನೋಡ್ಬಿಟ್ಟು ಒಂದು ಹಾಡು ಹೇಳ್ತೀವಿ."

ಆಕೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ನನ್ನ ಡಬ್ಬದ ಮೇಲೆ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಚಮಚಗಳಿವೆ," ಎಂದರು.

ಗೋಡೆ ತುಂಬ ಚಮಚಗಳು! ಹೋದ ಹೋದ ಊರಿನಿಂದ ತಂದ ಪುಟ್ಟ ಚಮಚಗಳು, ಒಂದೊಂದರ ತುದಿಯಲ್ಲೂ ಒಂದೊಂದು ಊರಿನ ಚಿಹ್ನೆ. ಯಾವುದನ್ನು ಎಲ್ಲಿ, ಯಾರ ಜೊತೆ ಜಗಳವಾಡುತ್ತ ಕೊಂಡದ್ದು ಎಂದು ಆಕೆ ಒಂದೊಂದಾಗಿ ಹೇಳಿದರು. ದೆವ್ವಗಳು ಕೈ ಹಿಂದೆ ಕಟ್ಟಿಕೊಂಡು ಕೇಳಿದವು. ಶಾಲೆಯ ಹಾಡು ಹೇಳಿದವು. ಬಿಸ್ಕತ್ತಿನ ಡಬ್ಬ ಬಂತು. ನಾವು ಗೇಟು ದಾಟುವಾಗ ಆಕೆ ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಕೇಳು, ದೆವ್ವಗಳು ಬರ್ತಿವೆ, ಏನಾದ್ರೂ ತೆಗೆದಿಡು!"

ಆಮೇಲೆ ನಡೆದದ್ದನ್ನು ನಾನೇ ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಆರನೆಯ ಮನೆಯ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಇಟಲಿಯಿಂದ ಬಂದ ಮುದುಕ ತನ್ನ ಶೆಡ್ಡಿಗೆ ಕರೆದುಕೊಂಡು ಹೋಗಿ, ಚಾವಣಿಯವರೆಗೆ ಜೋಡಿಸಿದ ಟೊಮೆಟೊ ಗೊಜ್ಜಿನ ಸೀಸೆಗಳನ್ನು ತೋರಿಸಿದ. ಇನ್ನೊಂದು ಮನೆಯಲ್ಲಿ ಗುಲಾಬಿ ಎದೆಯ ಗಿಳಿ. ಅದು ಆಡಿದ ಮಾತಿಗೆ ಮಿಸ್ ಹಾರ್ಪರ್ ಮುಂದಿನ ಎರಡು ದೆವ್ವಗಳ ಕಿವಿ ಮುಚ್ಚಿದರು, ಉಳಿದವರು ಕಲಿತುಕೊಂಡರು. ಎಲ್ಲರನ್ನೂ ಗೆದ್ದವನು ಒಬ್ಬ ದಪ್ಪ ಮನುಷ್ಯ. ತೋರಿಸಲು ಏನಿದೆ ಎಂದು ತಲೆ ಕೆರೆದುಕೊಂಡು ಒಳಗೆ ಹೋದವನು, ತನ್ನ ಹೊಟ್ಟೆಯಿಂದ ತೆಗೆದ ಪಿತ್ತಕೋಶದ ಕಲ್ಲುಗಳನ್ನು ಸೀಸೆಯಲ್ಲಿ ತಂದು ಗಲಗಲ ಅಲುಗಾಡಿಸಿದ. ಮಕ್ಕಳ ಕಿರುಚಾಟ ಪಕ್ಕದ ಬೀದಿಗೂ ಕೇಳಿಸಿರಬೇಕು. ಇದಕ್ಕಿಂತ ಭಯಂಕರವಾದ ವಸ್ತು ಯಾವ ಹ್ಯಾಲೋವೀನಿನಲ್ಲಿದ್ದೀತು!

ಡ್ಯಾರೆನ್ ಈಗ ಸ್ಕೋರು ಹೇಳುತ್ತಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ, ಮತ್ತು ಪ್ರತಿ ಗೇಟಿನಲ್ಲೂ, "ರಶ್ಮಿ, ಈ ಸಲ ನಾನು ಕೇಳ್ಲಾ?" ಎನ್ನುತ್ತಿದ್ದ.

"ಅಲ್ಲಿ ನಿಂತ್ಕೋ. ಆಮೇಲೆ ನೋಡೋಣ," ಎನ್ನುತ್ತಿದ್ದಳು ರಶ್ಮಿ. ಆ ದನಿ ಅಕ್ಕನದೇ.

ಹೊತ್ತು ಇಳಿಯಿತು. ನೆರಳು ಉದ್ದವಾಗಿ ರಸ್ತೆ ದಾಟಿತು. ಮಿಸ್ ಹಾರ್ಪರ್ ತಾವೇ ಕಡ್ಡಿ ಗೀರಿ ಒಂದೊಂದೇ ಬಾಟಲಿಯ ದೀಪ ಹಚ್ಚಿದರು. ಮುಸ್ಸಂಜೆಯಲ್ಲಿ ನಿಂಬೆ ಸಿಪ್ಪೆಯ ಹಳದಿ ಬೆಳಕು ಕಪ್ಪು ಕಾಗದದ ಕಣ್ಣುಗಳಿಂದ ಹೊರಗೆ ನೋಡಿತು. ತುಪ್ಪವೂ ನಿಂಬೆಯೂ ಸೇರಿದ ವಾಸನೆ ವಿಲೆಟನ್ನಿನ ಹುಲ್ಲಿನ ಮೇಲೆ ಹರಡಿತು. ಆಸ್ಪತ್ರೆಯಿಂದ ಮರಳಿದ ಅಕ್ಕ ಕಾರನ್ನು ರಸ್ತೆ ನಡುವೆಯೇ ನಿಲ್ಲಿಸಿ ಇಳಿದು ನೋಡುತ್ತ ನಿಂತಳು. ಎದುರು ಸಾಲಿನ ಗೇಟುಗಳಲ್ಲಿ ಜನ ಬಂದು ನಿಂತಿದ್ದರು. ಒಬ್ಬಾಕೆಯ ಕೈಯಲ್ಲಿ ಹೊಲಿದ ರಜಾಯಿ, ಒಬ್ಬನ ಹೆಗಲ ಮೇಲೆ ಹಲ್ಲಿಯಂಥ ಪ್ರಾಣಿ. "ಈ ಕಡೆಗೂ ಬರ್ತೀರ ತಾನೇ?" ಎಂದು ಕೂಗುತ್ತಿದ್ದರು.

"ಸಾಕು," ಎಂದರು ಮಿಸ್ ಹಾರ್ಪರ್. "ತಾಯಂದಿರು ಕಾಯ್ತಿರ್ತಾರೆ."

ವಾಪಸ್ಸು ಬರುವ ದಾರಿಯಲ್ಲಿ ಮಿಸ್ಟರ್ ಬ್ರೂಕ್ಸ್ ಅವರ ಮನೆ ಸಿಕ್ಕಿತು. ಗ್ಯಾರೇಜಿನ ಬಾಗಿಲು ಪೂರ್ತಿ ಮೇಲಕ್ಕೆತ್ತಿ ಒಳಗಿನ ದೀಪಗಳನ್ನೆಲ್ಲ ಹಾಕಿದ್ದರು. ಕಾರು ಹೊರಗಿತ್ತು. ಒಳಗೆ ಕಾರಿನ ಜಾಗದಲ್ಲಿ ಮೇಜಿನಗಲಕ್ಕೂ ಒಂದು ಬಂದರು: ನೀಲಿ ಬಣ್ಣ ಬಳಿದ ನೀರು, ತಗಡಿನ ಹಡಗುಗಳು, ಕಡ್ಡಿಗಳಿಂದ ಕಟ್ಟಿದ ಕ್ರೇನುಗಳು, ಉಗುರಿನಷ್ಟು ಪೆಟ್ಟಿಗೆಗಳು. ಅವರು ನಮ್ಮ ಕಡೆ ನೋಡಲೇ ಇಲ್ಲ. ಒಂದು ಕ್ರೇನಿನ ದೂಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅದರಲ್ಲಿ ದೂಳೇ ಇರಲಿಲ್ಲ.

ಮೆರವಣಿಗೆ ತಾನಾಗಿಯೇ ನಿಂತಿತು. ಎಲ್ಲರೂ ರಶ್ಮಿಯನ್ನು ನೋಡಿದರು. ಅವಳು ಮಿಸ್ ಹಾರ್ಪರ್ ಅವರನ್ನು ನೋಡಿದಳು. ಅವರು ಗಡಿಯಾರ ಮುಟ್ಟಿ ಬೇಡವೆಂದು ತಲೆಯಾಡಿಸಿದರು.

ರಶ್ಮಿ ದೀಪ ಹಿಡಿದು ಒಬ್ಬಳೇ ಗೇಟಿನವರೆಗೆ ಹೋದಳು.

"ಮಿಸ್ಟರ್ ಬ್ರೂಕ್ಸ್, ಇವತ್ತು ಹೊತ್ತಾಯ್ತು. ನಿಮ್ಮ ಮನೆಗೆ ನಾಳೆ ಬರ್ತೀವಿ."

ಅವರು ಒರೆಸುವುದನ್ನು ನಿಲ್ಲಿಸಿದರು. ಬಟ್ಟೆಯನ್ನು ಮಡಚಿದರು, ಇನ್ನೊಮ್ಮೆ ಮಡಚಿದರು.

"ಎಷ್ಟು ಗಂಟೆಗೆ?" ಎಂದರು.